ಕತ್ತರಿಸಿ ಕಟ್ಟಲು ಯಾವುದು ಮೇಲು: ಸೆಟ್ಟಿನ ಅಗ್ಗದ ವ್ಯಾಗನ್ನೋ, ಜೋಡಿಸುವ ಕಿಟ್ಟೋ?

ಮಾದರಿ ರೈಲಿನ ಹವ್ಯಾಸದಲ್ಲಿ 1:87 ಪ್ರಮಾಣದ, ಎಂದರೆ ಎಚ್‌ಒ ಅಳತೆಯ, 40 ಅಡಿಯ ಎರಡು ಬಾಕ್ಸ್‌ಕಾರ್‌ಗಳನ್ನು (ಮುಚ್ಚಿದ ಸರಕು ವ್ಯಾಗನ್‌ಗಳನ್ನು) ಕತ್ತರಿಸಿ 50 ಅಡಿಯದೊಂದನ್ನು ಕಟ್ಟುವ ಕೆಲಸವನ್ನು ನಾನು ಎರಡು ಬಾರಿ ಮಾಡಿದ್ದೇನೆ: ಮೊದಲು ಆಟಿಕೆ ರೈಲು ಸೆಟ್ಟಿನಿಂದ ಉಳಿದ ಅಗ್ಗದ ವ್ಯಾಗನ್‌ಗಳಿಂದ, ಆಮೇಲೆ ಬಿಡಿಭಾಗಗಳಾಗಿ ಬರುವ ಪ್ಲಾಸ್ಟಿಕ್ ಕಿಟ್‌ಗಳಿಂದ. ಮೂರನೆಯ ಬಾರಿಗೂ ನಾನು ಕೈ ಹಾಕುವುದು ಸೆಟ್ಟಿನ ವ್ಯಾಗನ್ನಿಗೇ.

ಗರಗಸವನ್ನು ರಿವೆಟ್ ಸಾಲಿನ ಅಂಚಿಗೇ ಇಟ್ಟು ಕತ್ತರಿಸಿದರೆ ಮಾತ್ರ ಬೆಸುಗೆಯ ಗೆರೆ ಆ ಸಾಲಿನಲ್ಲಿ ಮರೆಯಾಗುತ್ತದೆ. ಅಗ್ಗದ ವ್ಯಾಗನ್ನಿನಲ್ಲಿ ಮೊದಲ ಕಡಿತ ಕೆಟ್ಟಿತು; ಇನ್ನೊಂದನ್ನು ತೆಗೆದುಕೊಂಡು ಧೈರ್ಯವಾಗಿ ಕತ್ತರಿಸಿದೆ. ಕಿಟ್ಟಿನ ಗೋಡೆ ಹಾಳಾದೀತೆಂಬ ಅಂಜಿಕೆಯಲ್ಲಿ ಅರ್ಧ ಮಿಲಿಮೀಟರ್ ದೂರದಲ್ಲೇ ಉಳಿದುಬಿಟ್ಟೆ, ಆ ಗೆರೆ ಬಣ್ಣ ಬಳಿದ ಮೇಲೂ ಕಾಣುತ್ತಿದೆ.

ಆದರೆ ಸೆಟ್ಟಿನ ವ್ಯಾಗನ್ನಿನ ಕಪ್ಲರ್, ಎಂದರೆ ವ್ಯಾಗನ್‌ಗಳನ್ನು ಒಂದಕ್ಕೊಂದು ಸೇರಿಸುವ ಕೊಂಡಿ, ನನ್ನನ್ನು ಎರಡು ವಾರ ಕಾಡಿತು. ಅದು ಒಡಲಿಗಲ್ಲ, ಟ್ರಕ್ಕಿಗೆ, ಎಂದರೆ ಚಕ್ರಗಳನ್ನು ಹಿಡಿದು ತಿರುಗುವ ಚೌಕಟ್ಟಿಗೆ, ಅಂಟಿಕೊಂಡಿರುತ್ತದೆ. ರೈಲನ್ನು ತಿರುವಿನಲ್ಲಿ ಹಿಮ್ಮುಖವಾಗಿ ತಳ್ಳಿದಾಗ ಒತ್ತಡವೆಲ್ಲ ಟ್ರಕ್ಕಿನ ಮೇಲೆ ಬಿದ್ದು ಚಕ್ರ ಹಳಿ ತಪ್ಪುತ್ತದೆ. ಅದನ್ನು ಕತ್ತರಿಸಿ ಒಡಲಿಗೇ ಹೊಸ ಕಪ್ಲರ್ ಕೂರಿಸಹೊರಟರೆ, ಹಳೆಯ ಕಪ್ಲರ್ ಅತ್ತಿತ್ತ ತಿರುಗಲೆಂದು ತಳದ ತುದಿಯಲ್ಲಿ ಬಿಟ್ಟ ಕಚ್ಚಿನಿಂದಾಗಿ ಸ್ಕ್ರೂ ಹಾಕಲು ಜಾಗವೇ ಇರಲಿಲ್ಲ. ಕಪ್ಲರ್ ಡಬ್ಬಿಯನ್ನು ಅಂಟಿನಿಂದ ಕೂರಿಸಿದೆ. ತಳದ ನುಣುಪು ಪ್ಲಾಸ್ಟಿಕ್ಕಿಗೆ ಸ್ಟೈರೀನ್ ಎಂಬ ಮಾದರಿ ಪ್ಲಾಸ್ಟಿಕ್ಕಿನ ಅಂಟು ಹಿಡಿಯದೆ ಮೊದಲ ಓಟದಲ್ಲೇ ಕಳಚಿತು.

ಕೊನೆಗೆ ಹಳೆಯ ತಳವನ್ನೇ ಬಿಟ್ಟು, 2 ಮಿಲಿಮೀಟರ್ ಸ್ಟೈರೀನ್ ಹಾಳೆಯಿಂದ ಪೂರ್ತಿ ಉದ್ದದ ಹೊಸ ತಳ ಕತ್ತರಿಸಿ ಕಪ್ಲರನ್ನು ಸ್ಕ್ರೂನಿಂದ ಬಿಗಿದೆ. ಆಗ ಕಪ್ಲರ್ ಅದರ ಎತ್ತರ ಅಳೆಯುವ ಗೇಜಿಗಿಂತ ತಗ್ಗಾಗಿತ್ತು, ಕೆಳಗೆ ಇಳಿಬಿದ್ದ ಕೊಕ್ಕೆ ಕವಲುಹಳಿಗಳಲ್ಲಿ ತಗಲುತ್ತಿತ್ತು. ಟ್ರಕ್ಕಿಗೂ ತಳಕ್ಕೂ ನಡುವೆ ತೆಳು ವಾಷರ್ ಇಟ್ಟು ಸರಿಪಡಿಸಿದೆ. ಮರುದಿನ ಲೋಹದ ಚಕ್ರ ಹಾಕಿದಾಗ ಎತ್ತರ ಮತ್ತೆ ಬದಲಾಯಿತು. ಆದ್ದರಿಂದ ಚಕ್ರವನ್ನು ಮೊದಲು ಹಾಕಿ, ಕಪ್ಲರನ್ನು ಆಮೇಲೆ ಅಳೆಯಬೇಕು.

ಕಿಟ್ಟಿನಲ್ಲಿ ಕಪ್ಲರ್‌ಗೆ ಡಬ್ಬಿ ಸಿದ್ಧವಾಗಿಯೇ ಇತ್ತು, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆ ಸುಲಭಕ್ಕೆ ಮನಸೋತು ಅದರ ಎರಡು ತಳಗಳನ್ನು ನಡುವೆ ಬೆಸೆದು ಉಳಿಸಿಕೊಂಡೆ. ಈಗ ಆ ವ್ಯಾಗನ್ ನಡುವೆ ತುಸು ಬಾಗಿದೆ, ಒಂದೇ ಹಾಳೆಯ ತಳವಿರುವ ಅಗ್ಗದ ವ್ಯಾಗನ್ ನೆಟ್ಟಗಿದೆ.

ಹಿಡಿಕಂಬಿಗಳ ವಿಷಯದಲ್ಲಿ ಎರಡೂ ಒಂದೇ: ಅಚ್ಚಿನಲ್ಲಿ ಮೂಡಿದ್ದನ್ನು ಕೆತ್ತಿ ತೆಗೆದು, 0.35 ಮಿಲಿಮೀಟರ್ ರಂಧ್ರ ಕೊರೆದು, 0.3 ಮಿಲಿಮೀಟರ್ ಫಾಸ್ಫರ್ ಬ್ರಾಂಜ್ ತಂತಿ ಬಾಗಿಸಿ ಹಾಕಬೇಕು. ತೂಕ ಎರಡರಲ್ಲೂ ಕಡಿಮೆ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ ಶಿಫಾರಸಿನಂತೆ ಈ ಉದ್ದಕ್ಕೆ ಸುಮಾರು 127 ಗ್ರಾಂ ಬೇಕು.

ನಾನು ನಿಧಾನವಾಗಿ ಕೆಲಸ ಮಾಡುವವನು, ಖರ್ಚು ಮಾಡುವುದಾದರೆ ಚಕ್ರ ಮತ್ತು ಕಪ್ಲರ್‌ಗೆ ಮಾಡುವವನು; ಒಡಲಿಗೆ ಹೆಚ್ಚು ಹಣ ಹಾಕಲು ನನ್ನಿಂದಾಗದು. ಒಂದು ವಾರದಲ್ಲಿ ವ್ಯಾಗನ್ ಹಳಿಯ ಮೇಲೆ ಓಡಬೇಕೆನ್ನುವವರು ಕಿಟ್ಟನ್ನೇ ಕೊಳ್ಳಲಿ, ತಳವನ್ನು ಮಾತ್ರ ಹೊಸದಾಗಿ ಮಾಡಿಕೊಳ್ಳಲಿ.