ವೆರೋ, ಜೀರೋ, ಕಿಟ್: ಒಂದೇ ಪೆಡಲ್ ಮೂರು ಸಲ ಕಟ್ಟಿದ ಕಥೆ

ಮೊದಲೇ ಹೇಳಿಬಿಡುತ್ತೇನೆ. ಗಿಟಾರ್ ಪೆಡಲ್ (ಗಿಟಾರಿಗೂ ಆಂಪ್ಲಿಫೈಯರ್ ಅಥವಾ ಆಂಪ್‌ಗೂ ನಡುವೆ ಇಟ್ಟು ಕಾಲಲ್ಲಿ ತುಳಿಯುವ, ಸದ್ದು ಬದಲಿಸುವ ಡಬ್ಬ) ನೀವೇ ಕಟ್ಟಬೇಕು ಅಂತ ಆಸೆ ಇದ್ದರೆ ವೆರೋ ಬೋರ್ಡ್, ಅಂದರೆ ತಾಮ್ರದ ಪಟ್ಟಿಗಳಿರುವ ತೂತಿನ ಹಲಗೆ, ತಗೊಳ್ಳಿ. ಕಿಟ್‌ಗೆ ದುಡ್ಡು ಸುರಿದು ಮೂರು ರಾತ್ರಿ ನಿದ್ದೆ ಕೆಡಿಸಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ನನ್ನಿಂದ ಎರಡೂ ಕಡೆಯ ನ್ಯಾಯ ನಿರೀಕ್ಷಿಸಬೇಡಿ.

ಮೂರು ಸಲವೂ ಕಟ್ಟಿದ್ದು ಒಂದೇ ಸರ್ಕ್ಯೂಟ್. 1960ರ ದಶಕದ ಕೊನೆಗೆ ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ ತಂದ ಎಲ್‌ಪಿಬಿ-1 ಬೂಸ್ಟರ್. ಒಂದು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ಪಾಟ್ (ಸದ್ದು ಏರಿಸಿ ಇಳಿಸುವ ತಿರುಗುಗುಂಡಿ). ಗಿಟಾರಿನ ಸದ್ದನ್ನು ಜೋರು ಮಾಡಿ ಆಂಪ್‌ಗೆ ತಳ್ಳುವುದಷ್ಟೇ ಇದರ ಕೆಲಸ. ಇದನ್ನೂ ಕೆಡಿಸಬಹುದಾ ಅಂತ ಕೇಳಬೇಡಿ.

ಕಿಟ್ ಆನ್‌ಲೈನಲ್ಲಿ ತರಿಸಿದ್ದು, 2,400 ರೂಪಾಯಿ. ತೂತು ಕೊರೆದ ಅಲ್ಯೂಮಿನಿಯಂ ಡಬ್ಬ, ಹೆಸರು ಅಚ್ಚಾದ ಹಸಿರು ಬೋರ್ಡ್, ಪುಟ್ಟ ಪ್ಯಾಕೆಟ್‌ಗಳಲ್ಲಿ ಬಿಡಿಭಾಗ. ಎರಡು ಗಂಟೆಯಲ್ಲಿ ಮುಗಿಯಿತು. ಬೈಪಾಸಲ್ಲಿ, ಅಂದರೆ ಪೆಡಲ್ ಆಫ್ ಇದ್ದು ಸದ್ದು ನೇರ ಹಾದುಹೋಗುವಾಗ, ಗಿಟಾರ್ ಸರಿಯಾಗಿ ಕೇಳಿಸಿತು. ಸ್ವಿಚ್ ತುಳಿದೆ. ಎಲ್‌ಇಡಿ ಹತ್ತಿತು, ಸದ್ದು ಮಾತ್ರ ಇಳಿದುಹೋಯಿತು! ಪಾಟ್ ಪೂರ್ತಿ ತಿರುಗಿಸಿದರೂ ಬೈಪಾಸಿಗಿಂತ ಕಡಿಮೆ. ಬೂಸ್ಟರ್ ಅಂತ ಹೆಸರು ಬೇರೆ.

ಮೊದಲ ರಾತ್ರಿ ನನ್ನ ಸೋಲ್ಡರಿಂಗ್ ಮೇಲೇ ಅನುಮಾನ. ಎಲ್ಲ ಜಾಯಿಂಟ್‌ಗಳನ್ನೂ ಮತ್ತೆ ಕರಗಿಸಿ ಕೂರಿಸಿದೆ. ಎರಡನೇ ರಾತ್ರಿ ಫುಟ್‌ಸ್ವಿಚ್ಚಿನ ಒಂಬತ್ತು ಕಾಲುಗಳ ವೈರು ಬಿಚ್ಚಿ ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ.

ಮೂರನೇ ರಾತ್ರಿ ಆಡಿಯೋ ಪ್ರೋಬ್ ಮಾಡಿಕೊಂಡೆ. ದೊಡ್ಡ ಹೆಸರು, ಸಣ್ಣ ಕೆಲಸ. ಹಳೇ ಗಿಟಾರ್ ಕೇಬಲ್ ಒಂದನ್ನು ಕತ್ತರಿಸಿ, ಒಳಗಿನ ವೈರಿಗೆ 104 ಅಂತ ಬರೆದಿರುವ ಕೆಪಾಸಿಟರ್ (ಅಂದರೆ 0.1 ಮೈಕ್ರೋಫ್ಯಾರಡ್) ಬೆಸೆದೆ. ಹೊರಗಿನ ಜಾಲರಿ ಬೋರ್ಡಿನ ಗ್ರೌಂಡಿಗೆ, ಕೇಬಲ್ಲಿನ ಇನ್ನೊಂದು ತುದಿ ಆಂಪ್‌ಗೆ. ಮನೆಯವರ ಕೈಗೆ ಗಿಟಾರ್ ಕೊಟ್ಟು "ಸುಮ್ನೆ ಮೀಟುತ್ತಾ ಇರು" ಅಂದೆ. ಕೆಪಾಸಿಟರಿನ ಬಿಟ್ಟ ಕಾಲನ್ನು ಸಿಗ್ನಲ್ ಹೋಗುವ ದಾರಿಯಲ್ಲಿ ಒಂದೊಂದೇ ಕಡೆ ಮುಟ್ಟಿಸುತ್ತಾ ಬಂದೆ. ಟ್ರಾನ್ಸಿಸ್ಟರಿನ ಬೇಸ್‌ನಲ್ಲಿ (ಸದ್ದು ಒಳಗೆ ಹೋಗುವ ಕಾಲು) ಸದ್ದು ಚೊಕ್ಕ. ಕಲೆಕ್ಟರಿನಲ್ಲಿ (ಹೊರಗೆ ಬರುವ ಕಾಲು) ಅದು ಎಷ್ಟೋ ಪಟ್ಟು ಜೋರಾಗಬೇಕಿತ್ತು, ಅಲ್ಲಿ ಸೊಳ್ಳೆ ರಾಗ. ಮಲ್ಟಿಮೀಟರ್ ಹಿಡಿದೆ. 9 ವೋಲ್ಟ್ ಕೊಟ್ಟಾಗ ಈ ಸರ್ಕ್ಯೂಟಿನ ಕಲೆಕ್ಟರಿನಲ್ಲಿ ಸುಮಾರು 4ರಿಂದ 5 ವೋಲ್ಟ್ ಇರಬೇಕು. ನನ್ನದು 8 ದಾಟಿತ್ತು. ಟ್ರಾನ್ಸಿಸ್ಟರ್ ಕೆಲಸಕ್ಕೆ ಬಂದು ಕೈಕಟ್ಟಿ ಕೂತಿದೆ ಅಂತ ಅರ್ಥ.

ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಅದರ ಮೈಮೇಲಿನ ಅಕ್ಷರ ಓದಿದೆ. ಬಿಸಿ549. ಬೋರ್ಡ್ ಮಾಡಿದ್ದು 2ಎನ್5088 ಅನ್ನುವ ಬೇರೆ ಟ್ರಾನ್ಸಿಸ್ಟರಿಗೆ. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ 2ಎನ್5088ರ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ549ರದ್ದು ಕಲೆಕ್ಟರ್, ಬೇಸ್, ಎಮಿಟರ್. ಪೂರ್ತಿ ಉಲ್ಟಾ. ನೋಡಲು ಎರಡೂ ಅವಳಿ ಮಕ್ಕಳ ಥರ. ಮಾರಿದವರು ಒಂದರ ಬದಲು ಇನ್ನೊಂದು ಹಾಕಿದ್ದಾರೆ, ಒಂದು ಚೀಟಿಯಲ್ಲಿ ಬರೆದು ಹಾಕಿಲ್ಲ. ನಾನು ಬೋರ್ಡ್ ಮೇಲಿನ ಅರ್ಧಚಂದ್ರದ ಗುರುತು ನಂಬಿ ಕೂರಿಸಿದೆ. ಟ್ರಾನ್ಸಿಸ್ಟರ್ ಉಲ್ಟಾ ಹಾಕಿದರೆ ಪೂರ್ತಿ ಸಾಯುವುದಿಲ್ಲ, ತೀರಾ ಕಡಿಮೆ ಗೇನ್‌ನಲ್ಲಿ (ಸದ್ದು ಹೆಚ್ಚಿಸುವ ಶಕ್ತಿ) ಕುಂಟುತ್ತದೆ. ಸತ್ತಿದ್ದರೆ ಮೊದಲ ರಾತ್ರಿಯೇ ಅದರ ಮೇಲೆ ಕಣ್ಣು ಹೋಗುತ್ತಿತ್ತು.

ಬಿಚ್ಚಿ ತಿರುಗಿಸಿ ಹಾಕಿದರೆ ಮುಗಿಯಿತು, ಅಲ್ವಾ? ಈ ಥರದ ಬೋರ್ಡಿನಲ್ಲಿ ತೂತಿನ ಒಳಗೋಡೆಗೂ ತಾಮ್ರ ಇರುತ್ತದೆ, ಲೆಡ್ (ಬೆಸುಗೆ) ಅಲ್ಲೆಲ್ಲ ಹಿಡಿದುಕೊಂಡಿರುತ್ತದೆ. ಕಾಲು ಕತ್ತರಿಸಿ ಒಂದೊಂದಾಗಿ ಎಳೆಯಬೇಕಿತ್ತು. ನಾನು ಮೂರನ್ನೂ ಕಾಯಿಸಿ ಒಟ್ಟಿಗೆ ಎಳೆದೆ. ಕಲೆಕ್ಟರ್ ಕಾಲು ಬೆಸೆಯುವ ತಾಮ್ರದ ಪ್ಯಾಡ್ ಕಿತ್ತು ಬಂತು. ಆಮೇಲೆ ವೈರಿನ ತುಂಡಿನಿಂದ ತೇಪೆ ಹಾಕಿದೆ. ಪೆಡಲ್ ಜೋರಾಗಿಯೇ ಕೂಗಿತು, ಅದು ಬೇರೆ ವಿಷಯ.

ಎರಡನೇ ಸಲ ವೆರೋ ಬೋರ್ಡಲ್ಲಿ ಕಟ್ಟೋಣ ಅಂತ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ.

"ವೆರೋ ಬೋರ್ಡ್ ಇದೆಯಾ ಸರ್?"

"ಜೀರೋ ಬೋರ್ಡಾ? ಯಾವ ಸೈಜು?"

ಮನೆಗೆ ಬಂದು ಪ್ಯಾಕೆಟ್ ತೆಗೆದಾಗಲೇ ಗೊತ್ತಾಗಿದ್ದು, ಕೊಟ್ಟಿದ್ದು ಜೀರೋ ಅಂತ. ಜೀರೋ ಬೋರ್ಡ್ ಅಂದರೆ ಡಾಟ್ ಬೋರ್ಡ್, ಪ್ರತಿ ತೂತಿಗೂ ಪ್ರತ್ಯೇಕ ತಾಮ್ರದ ಚುಕ್ಕೆ. ಚುಕ್ಕೆಯಿಂದ ಚುಕ್ಕೆಗೆ ದಾರಿ ನೀವೇ ಕಟ್ಟಬೇಕು. ಕತ್ತರಿಸಿ ಉಳಿದ ರೆಸಿಸ್ಟರ್ ಕಾಲು ಬಾಗಿಸಿ ಕಟ್ಟಿದೆ. ಕೆಲಸ ಮಾಡಿತು. ತುಂಬಾ ಅಗ್ಗ. ಹಿಂದೆ ತಿರುಗಿಸಿ ನೋಡಿದರೆ ಹಳೇ ಬಡಾವಣೆಯ ಕರೆಂಟ್ ಕಂಬದ ಹಾಗಿದೆ. ಏನಾದರೂ ಕೆಟ್ಟರೆ ಎಲ್ಲಿಂದ ಹುಡುಕಲಿ?

ಮತ್ತೊಂದು ಸಲ ಹೋಗಿ, ಕಾಗದದ ಮೇಲೆ ಪಟ್ಟಿ ಪಟ್ಟಿಯಾಗಿ ಗೆರೆ ಎಳೆದು ತೋರಿಸಿ ಮೂರನೇ ಅಂಗಡಿಯಲ್ಲಿ ವೆರೋ ತಂದೆ. ಇದರಲ್ಲಿ ತಾಮ್ರ ಉದ್ದುದ್ದ ಪಟ್ಟಿಯಾಗಿ ಓಡುತ್ತದೆ, ತೂತುಗಳ ನಡುವೆ 2.54 ಮಿಲಿಮೀಟರ್. ಎಲ್ಲಿ ಸಂಪರ್ಕ ಬೇಡವೋ ಅಲ್ಲಿ ಪಟ್ಟಿಯನ್ನು ಡ್ರಿಲ್ ಬಿಟ್ ಕೈಯಲ್ಲೇ ಹಿಡಿದು ತಿರುಗಿಸಿ ಕೆರೆಯಬೇಕು. ಹಿಂಬದಿಯಿಂದ ನೋಡಿದಾಗ ಎಡಬಲ ಅದಲು ಬದಲಾಗುತ್ತದೆ ಅನ್ನುವುದು ಮರೆತು ಮೊದಲ ತುಂಡು ಹಾಳು ಮಾಡಿದೆ. ಕೂದಲೆಳೆಯಷ್ಟು ತಾಮ್ರ ಉಳಿದರೂ ಕೆಲಸ ಕೆಡುತ್ತದೆ, ಸಂಪರ್ಕ ಇದ್ದರೆ ಸದ್ದು ಮಾಡುವ ಮೀಟರಿನ ಬೀಪ್ ಇಟ್ಟು ನೋಡಿಕೊಳ್ಳಿ. ಕೊನೆಗೆ ಪಟ್ಟಿಗಳ ನಡುವೆ ಚಾಕುವಿನ ತುದಿ ಎಳೆದರೆ ಅಂಟಿಕೊಂಡ ಲೆಡ್ ಬಿಡುತ್ತದೆ.

ಇಷ್ಟೆಲ್ಲ ತಾಪತ್ರಯ ಇದ್ದರೂ ವೆರೋ ಯಾಕೆ? ಲೇಔಟನ್ನು ಗ್ರಾಫ್ ಹಾಳೆಯಲ್ಲಿ ನಾನೇ ಬರೆದೆ. ಯಾವ ಪಟ್ಟಿ ಏನು ಅಂತ ನನಗೆ ಬಾಯಿಪಾಠ. ಕಿಟ್ ಕಟ್ಟುವಾಗ ಆರ್2 ಅನ್ನುವ ರೆಸಿಸ್ಟರ್ ಎಲ್ಲಿದೆ ಅಂತ ಗೊತ್ತಿತ್ತು, ಅದು ಯಾಕಿದೆ ಅಂತ ಗೊತ್ತಿರಲಿಲ್ಲ. ಟ್ರಾನ್ಸಿಸ್ಟರ್ ಜಾಗದಲ್ಲಿ ಮೂರು ತೂತಿನ ಫೀಮೇಲ್ ಹೆಡರ್ (ಕಾಲು ಚುಚ್ಚುವ ಸಾಕೆಟ್) ಬೆಸೆದಿದ್ದೇನೆ. ಉಲ್ಟಾ ಆದರೆ ಕಿತ್ತು ತಿರುಗಿಸಿ ಚುಚ್ಚಿದರಾಯಿತು. ಇನ್‌ಪುಟ್ ಕೆಪಾಸಿಟರಿಗೂ ಹಾಗೇ ಮಾಡಿದೆ. ಒಂದು ಸಂಜೆ 104 ತೆಗೆದು 103 (ಅದರ ಹತ್ತನೇ ಒಂದು ಭಾಗ) ಹಾಕಿದೆ. ದಪ್ಪ ಸ್ವರಗಳು ಇಳಿದು ತಂತಿ ಚುರುಕಾಗಿ ಕೇಳಿಸಿತು. ಆ ರಾತ್ರಿ ಊಟಕ್ಕೆ ಎರಡು ಸಲ ಕರೆದ ಮೇಲೆ ಎದ್ದೆ.

ಡಬ್ಬದ ಬಗ್ಗೆ ಒಂದೇ ಮಾತು: ಪ್ಲಾಸ್ಟಿಕ್ ಬೇಡ, ಗುಂಯ್ ಅನ್ನುತ್ತದೆ. ಅಡಾಪ್ಟರ್ ಕೊಳ್ಳುವಾಗ ನಡುವಿನ ಪಿನ್ ನೆಗೆಟಿವ್ ಇರುವುದನ್ನೇ ಕೇಳಿ.

ನಾನು ಆಫೀಸು ಮುಗಿಸಿ ರಾತ್ರಿ ಒಂದು ಗಂಟೆ ಕೂರುವವನು, ಅರ್ಧ ಮಾಡಿ ಎತ್ತಿಟ್ಟು ನಾಲ್ಕು ದಿನ ಬಿಟ್ಟು ಮುಟ್ಟುವವನು. ಒಂದು ಪೆಡಲಿಗೆ ಸಾವಿರಕ್ಕಿಂತ ಜಾಸ್ತಿ ಹಾಕಲು ಮನಸ್ಸಿಲ್ಲ. ನನಗೆ ವೆರೋ ಸರಿಹೋಯಿತು. ನಿಮಗೆ ಒಂದೇ ಪೆಡಲ್ ಸಾಕು, ಅದು ಅಂದವಾಗಿರಬೇಕು ಅಂದರೆ ಕಿಟ್ ತಗೊಳ್ಳಿ. ಆದರೆ ಟ್ರಾನ್ಸಿಸ್ಟರಿನ ನಂಬರ್ ಓದಿಯೇ ಬೆಸೆಯಿರಿ.

ಕಿಟ್‌ನ ಡಬ್ಬ, ಫುಟ್‌ಸ್ವಿಚ್ ಎರಡೂ ನಿಜಕ್ಕೂ ಚೆನ್ನಾಗಿದ್ದವು. ತೇಪೆ ಹಾಕಿದ ಹಸಿರು ಬೋರ್ಡ್ ತೆಗೆದು ಅದರೊಳಗೆ ವೆರೋ ಕೂರಿಸಿದ್ದೇನೆ. 2,400 ರೂಪಾಯಿ ಡಬ್ಬ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.