ಅಣಬೆ ಬ್ಯಾಗಿಗೆ ದುಡ್ಡು ಕಟ್ಟುವ ಮೊದಲು ಕೇಳಿ: ಯಾವ ಕೆಜಿ?

ಮನೆ ಮೇಲೆ ಒಂದು ರೂಮು ಖಾಲಿ ಇದೆ, ಸುಮ್ನೆ ಇರೋ ಬದಲು ಅಣಬೆ ಬೆಳೆಯೋಣ ಅಂತ ಯೋಚಿಸುತ್ತಿರುವ ತುಮಕೂರಿನವರು ಇದನ್ನು ಓದಿ. ನಾನು ಪ್ಯಾಕೇಜಿಗೆ ಕಟ್ಟಿದ 28,000 ರೂಪಾಯಿ ಹೋಗಿದ್ದು ಅಣಬೆ ಬರಲಿಲ್ಲ ಅಂತ ಅಲ್ಲ. ಅಣಬೆ ಬಂತು. ಎಷ್ಟು ಬರಬಹುದು ಅನ್ನುವ ಲೆಕ್ಕದಲ್ಲೇ ನಾನು ಏಮಾರಿದೆ.

ಬೀಜ, ಕವರು, ಒಂದು ದಿನದ ಟ್ರೈನಿಂಗು ಎಲ್ಲ ಸೇರಿ 40 ಬ್ಯಾಗಿನ ಪ್ಯಾಕೇಜ್. ಹುಲ್ಲು, ಬೀಜ ತುಂಬಿದ ಕವರೇ ಬ್ಯಾಗ್, ಅದರಿಂದಲೇ ಅಣಬೆ ಬರುವುದು. ಮಾರಿದವರ ಹೆಸರು ಬೇಡ. ಅವರು ಹೇಳಿದ ಮಾತು ಮಾತ್ರ ಹಾಗೇ ಬರೆಯುತ್ತೇನೆ. "ಬ್ಯಾಗ್ 3 ಕೆಜಿ ಇರುತ್ತೆ ಸಾರ್, 80 ಪರ್ಸೆಂಟ್ ಇಳುವರಿ, ಅಂದ್ರೆ 2 ಕೆಜಿ 400 ಗ್ರಾಂ. ಕೆಜಿಗೆ 600 ಕೊಟ್ಟು ನಾವೇ ವಾಪಸ್ ತಗೋತೀವಿ." 40 ಬ್ಯಾಗಿಗೆ 96 ಕೆಜಿ, 57,600 ರೂಪಾಯಿ. ಮೊಬೈಲಿನಲ್ಲಿ ಮೂರು ಸಲ ಗುಣಿಸಿ ನೋಡಿದೆ. ಮೂರು ಸಲವೂ ಅಷ್ಟೇ ಬಂತು!

ಮೊದಲ ಮೋಸ ಆ 3 ಕೆಜಿಯಲ್ಲೇ ಇತ್ತು. ಕುಣಿಗಲ್ ಕಡೆಯ ನೆಂಟರ ಮನೆಯಿಂದ ಭತ್ತದ ಹುಲ್ಲು ತಂದಿದ್ದೆ. 1 ಕೆಜಿ ಒಣ ಹುಲ್ಲನ್ನು ರಾತ್ರಿ ನೆನೆಸಿ, ಬಿಸಿನೀರಿನಲ್ಲಿ ಹದ ಮಾಡಿ, ನೀರು ಬಸಿದು ತೂಗಿದರೆ ಹತ್ತಿರ ಹತ್ತಿರ 3 ಕೆಜಿ ಆಗುತ್ತದೆ. ಅದರಲ್ಲಿ 2 ಕೆಜಿ ಬರೀ ನೀರು. ಚಿಪ್ಪಣಬೆಯ ಇಳುವರಿ ಲೆಕ್ಕ ಹಾಕುವುದು ಒಣ ಹುಲ್ಲಿನ ತೂಕದ ಮೇಲೆ. 80 ಪರ್ಸೆಂಟ್ ಅಂದರೆ 1 ಕೆಜಿ ಒಣ ಹುಲ್ಲಿಗೆ 800 ಗ್ರಾಂ ಹಸಿ ಅಣಬೆ, ಅದೂ ಎಲ್ಲ ಸರಿಯಾಗಿ ನಡೆದರೆ, ಎರಡು ಮೂರು ಕೊಯ್ಲು ಸೇರಿ.

ನನಗೆ ಎಲ್ಲ ಸರಿಯಾಗಿ ನಡೆಯಲಿಲ್ಲ. ಏಪ್ರಿಲ್ ತಿಂಗಳು, ಮೇಲೆ ಶೀಟು. ಗೋಣಿಚೀಲ ಕಟ್ಟಿ ಎಷ್ಟು ನೀರು ಹೊಡೆದರೂ ಮಧ್ಯಾಹ್ನ ರೂಮು ಒಲೆ ಥರ ಕಾಯುತ್ತಿತ್ತು. 6 ಬ್ಯಾಗಿಗೆ ಹಸಿರು ಬೂಸಲು ಬಂತು, ಹೊರಗೆ ಎಸೆದೆ. ಇನ್ನೊಂದು ತಪ್ಪು ನನ್ನ ಆಸೆಯದ್ದು. ಅಣಬೆಯ ಅಂಚು ಇನ್ನೂ ಕೆಳಕ್ಕೆ ಬಾಗಿರುವಾಗಲೇ ಕೀಳಬೇಕಿತ್ತು. ಇನ್ನೊಂದು ದಿನ ಬಿಟ್ಟರೆ ತೂಕ ಜಾಸ್ತಿ ಆಗುತ್ತೆ ಅಂತ ಬಿಟ್ಟೆ. ಅಂಚು ಮೇಲಕ್ಕೆ ಮಡಚಿ, ತೆಳ್ಳಗಾಗಿ, ಬಿಳಿ ಪುಡಿ ಉದುರಿಸಲು ಶುರುವಾಯಿತು. ತೂಕ ಜಾಸ್ತಿ ಆಗುವುದಿರಲಿ, ಒಣಗಿ ಇಳಿಯಿತು. ಆ ಪುಡಿ ಅಣಬೆಯ ಬೀಜಕಣ. ಮಾಸ್ಕ್ ಇಲ್ಲದೆ ರೂಮಿಗೆ ಹೋಗಿಬಂದ ಅಪ್ಪ ಎರಡು ದಿನ ಕೆಮ್ಮಿದರು.

ಮೊದಲ ಕೊಯ್ಲು 11 ಕೆಜಿ, ಎರಡನೆಯದು ಐದೂವರೆ, ಮೂರನೆಯದು ಎರಡೂವರೆ. ಒಟ್ಟು 19. ಮೊದಲ ದಿನದ 11 ಕೆಜಿ ನೋಡಿ ಇನ್ನೆರಡು ಸಲವೂ ಅಷ್ಟೇ ಬರುತ್ತೆ ಅಂತ ಮನೆಯವಳಿಗೆ ಹೇಳಿಬಿಟ್ಟಿದ್ದೆ, ಅದು ಬೇರೆ ಕಥೆ. ಮೊದಲ ಕೊಯ್ಲಿನಲ್ಲೇ ಅರ್ಧಕ್ಕಿಂತ ಜಾಸ್ತಿ ಬಂದು ಹೋಗುತ್ತದೆ, ಆಮೇಲೆ ಇಳಿಯುತ್ತಲೇ ಹೋಗುತ್ತದೆ.

ಸರಿ, ಇರುವಷ್ಟನ್ನಾದರೂ ಕೊಡೋಣ ಅಂತ ಫೋನ್ ಮಾಡಿದರೆ, "ಅಗ್ರಿಮೆಂಟ್ ನೋಡಿ ಸಾರ್, ಒಣಗಿದ್ದು ಮಾತ್ರ." ನೋಡಿದೆ. ಸಣ್ಣ ಅಕ್ಷರದಲ್ಲಿ ಇತ್ತು. ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. 12 ಕೆಜಿ ಒಣಗಿಸಿದ್ದು 1 ಕೆಜಿ 150 ಗ್ರಾಂ ಆಯಿತು. ಕೈಗೆ ಬಂದಿದ್ದು 690 ರೂಪಾಯಿ. ಉಳಿದ 7 ಕೆಜಿ ಹಸಿಯದ್ದನ್ನು ಬೀದಿಯವರಿಗೆ ಸಿಕ್ಕ ರೇಟಿಗೆ ಕೊಟ್ಟೆ.

ನಾಚಿಕೆ ಏನೆಂದರೆ ನಮ್ಮದು ಗುಬ್ಬಿ ಕಡೆಯ ಅಡಿಕೆ ಮನೆತನ. ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ 12-13 ಕೆಜಿ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಅಪ್ಪ ಒಂದೇ ಮಾತು ಅಂದರು: "ಹಸಿ ತೂಕಕ್ಕೆ ಒಣ ರೇಟು ಕೊಡ್ತೀನಿ ಅಂದೋನ ಹತ್ರ ನಮ್ಮ ತೋಟದಲ್ಲಿ ಯಾರಾದ್ರೂ ವ್ಯಾಪಾರ ಮಾಡಿದ್ದು ನೋಡಿದೀಯೇನೋ?"

ಹಾಗಾಗಿ ಯಾರಾದರೂ ಬ್ಯಾಗಿಗೆ ಇಷ್ಟು ಕೆಜಿ ಅಂದರೆ ಹುಲ್ಲು ಒಣಗಿದ್ದೋ ನೆನೆದಿದ್ದೋ, ವಾಪಸ್ ತಗೊಳ್ಳುವುದು ಹಸಿಯದೋ ಒಣಗಿದ್ದೋ, ಎರಡನ್ನೂ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ. ಬೀಜಕ್ಕೆ ಪ್ಯಾಕೇಜೇ ಬೇಕಾಗಿಲ್ಲ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಕೊಡುತ್ತಾರೆ, ಹೋಗುವ ಮೊದಲು ವಿಚಾರಿಸಿಕೊಳ್ಳಿ. ಒಂದೇ ಸಲ 40 ಬ್ಯಾಗ್ ಅಂತೂ ಬೇಡವೇ ಬೇಡ.

ನಾನು ಈಗ ಮಳೆ ಶುರುವಾದ ಮೇಲೆ ಕೆಳಗಿನ ತಣ್ಣನೆ ರೂಮಿನಲ್ಲಿ 5 ಬ್ಯಾಗ್ ಇಟ್ಟಿದ್ದೇನೆ. ಪ್ರತಿಯೊಂದರ ಮೇಲೂ ಒಣ ಹುಲ್ಲಿನ ತೂಕ ಬರೆದಿದೆ. ಒಂದು ಬ್ಯಾಗಿನ ಮೊದಲ ಕೊಯ್ಲು ಇವತ್ತು ಬೆಳಿಗ್ಗೆ 410 ಗ್ರಾಂ ಬಂತು. ಅಪ್ಪ ತಕ್ಕಡಿ ಮುಂದೆ ಕೂತು, ನೀರು ಹೊಡೆದು ತೂಗಿದ್ದೀಯಾ ಅಂತ ಕೇಳಿದರು.