ಪಿಜಿಗೆ ಕ್ರೈಸ್ಟಾ, ಸೇಂಟ್ ಜೋಸೆಫ್ಸಾ?

ಬೆಂಗಳೂರಿನಲ್ಲಿ ಪಿಜಿ (ಸ್ನಾತಕೋತ್ತರ ಪದವಿ) ಅಥವಾ ಪಿಎಚ್‌ಡಿ ಮಾಡಬೇಕು ಅಂದುಕೊಂಡವರ ಮುಂದೆ ಈ ಎರಡು ಹೆಸರು ಬಂದೇ ಬರುತ್ತವೆ. ಎರಡೂ ಕ್ಯಾಥೊಲಿಕ್ ಸಂಸ್ಥೆಗಳು. ಎಲ್ಲ ಧರ್ಮದವರೂ ಸೇರಬಹುದು.

ಕ್ರೈಸ್ಟ್ ಕಾಲೇಜು ಶುರುವಾಗಿದ್ದು 1969ರಲ್ಲಿ. 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು, ಅಂದರೆ ತಾನೇ ಪದವಿ ಕೊಡುವ ಮಾನ್ಯತೆ ಸಿಕ್ಕಿತು. ಹೊಸೂರು ರಸ್ತೆ, ಕೆಂಗೇರಿ, ಬನ್ನೇರುಘಟ್ಟ ರಸ್ತೆ ಅಂತ ಕ್ಯಾಂಪಸ್‌ಗಳು ಜಾಸ್ತಿ, ಕೋರ್ಸ್‌ಗಳೂ ಜಾಸ್ತಿ. ಎಂಬಿಎ, ಕಾನೂನು, ಮನಃಶಾಸ್ತ್ರ ಓದುವವರಿಗೆ ಇಲ್ಲಿ ಆಯ್ಕೆ ದೊಡ್ಡದು. ಹಾಜರಾತಿ ಮಾತ್ರ ಕಟ್ಟುನಿಟ್ಟು. ಕೆಲಸ ಮಾಡುತ್ತಾ ಓದುತ್ತೇನೆ ಅನ್ನುವವರು ಎರಡು ಸಲ ಯೋಚಿಸಿ.

ಸೇಂಟ್ ಜೋಸೆಫ್ಸ್ ಹಳೆಯ ಕೈ. ಹುಟ್ಟಿದ್ದು 1882ರಲ್ಲಿ, 1937ರಿಂದ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿಗಳು ನಡೆಸುತ್ತಿದ್ದಾರೆ. 1986ರಲ್ಲೇ ಪಿಜಿ ತರಗತಿ ಶುರು ಮಾಡಿತ್ತು. ಕರ್ನಾಟಕದಲ್ಲಿ ಬೇರೆ ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಕಾಲೇಜುಗಳ ಪೈಕಿ ಹಾಗೆ ಮಾಡಿದ್ದು ಇದೇ ಮೊದಲು. 2022ರಲ್ಲಿ ತಾನೇ ವಿಶ್ವವಿದ್ಯಾಲಯವಾಯಿತು. ಇದಕ್ಕೆ ರೂಸಾ ಎಂಬ, ಉನ್ನತ ಶಿಕ್ಷಣಕ್ಕೆ ಹಣ ಕೊಡುತ್ತಿದ್ದ ಕೇಂದ್ರ ಯೋಜನೆಯ ಸರ್ಕಾರಿ ನೆರವೂ ಸಿಕ್ಕಿತ್ತು. ಖಾಸಗಿ ಸಂಸ್ಥೆಗೆ ಇದು ಸಣ್ಣ ವಿಷಯ ಅಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರದಂಥ ಮೂಲ ವಿಜ್ಞಾನಕ್ಕೆ ನಾನಾದರೆ ಇಲ್ಲಿಗೇ ಬರುತ್ತಿದ್ದೆ.

ಶುಲ್ಕ ವರ್ಷವರ್ಷ ಬದಲಾಗುತ್ತದೆ, ಆಯಾ ವರ್ಷದ ಪಟ್ಟಿ ನೋಡಿಯೇ ಹೋಲಿಸಿ. ಸ್ಕಾಲರ್‌ಶಿಪ್ ಮೊದಲ ವರ್ಷಕ್ಕೆ ಮಾತ್ರವೋ, ಕೊನೆವರೆಗೂ ಇರುತ್ತದೋ ಅಂತಲೂ ಕೇಳಿ.

ಪಿಎಚ್‌ಡಿ ಆದರೆ ಕಟ್ಟಡ, ಹೆಸರು ಎಲ್ಲ ಆಮೇಲೆ. ನಿಮ್ಮ ವಿಷಯಕ್ಕೆ ಸರಿಯಾದ ಗೈಡ್ ಎಲ್ಲಿದ್ದಾರೋ ಅಲ್ಲಿಗೆ ಹೋಗಿ. ಸಾಧ್ಯವಾದರೆ ಮೊದಲು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ತಿಂಗಳ ಫೆಲೋಶಿಪ್ ಕೊಡಿಸುವ ರಾಷ್ಟ್ರಮಟ್ಟದ ಪರೀಕ್ಷೆ) ಪಾಸು ಮಾಡಿಕೊಳ್ಳಿ. 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ಯುಜಿಸಿಯಿಂದಲೇ (ವಿಶ್ವವಿದ್ಯಾಲಯ ಅನುದಾನ ಆಯೋಗ) ಬರುತ್ತದೆ, ಮನೆಯವರ ಹತ್ತಿರ ಕೈ ಚಾಚಬೇಕಿಲ್ಲ.